ಬಯೋಡೀಸೆಲ್‌ಗೆ ಲೋಹ ಬೆರೆಸಿದರೆ ಇಂಧನ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮ ಘಟಕದಲ್ಲಿ ಎರಡು ಡೀಸೆಲ್ ಜನರೇಟರ್‌ಗಳಿವೆ. ಬಳಸಿದ ಅಡುಗೆ ಎಣ್ಣೆಯಿಂದ ತಯಾರಾದ ಬಯೋಡೀಸೆಲ್ಲನ್ನು ಕೆಲವೊಮ್ಮೆ ಶೇ 20ರಷ್ಟು ಬೆರೆಸಿ, ಕೆಲವೊಮ್ಮೆ ಪೂರ್ತಿಯಾಗಿ ಬಳಸುತ್ತೇವೆ. ಸೀರಿಯಂ ಆಕ್ಸೈಡಿನ ನ್ಯಾನೊ ಕಣಗಳಿರುವ ದ್ರವವನ್ನು 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಪ್ರಮಾಣದಲ್ಲಿ ಸೇರಿಸಿದರೆ ಶೇ 8ರಷ್ಟು ಇಂಧನ ಉಳಿಯುತ್ತದೆ, ಹೊಗೆ ಅರ್ಧಕ್ಕೆ ಇಳಿಯುತ್ತದೆ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಹುಡುಕಿದರೆ ಇಂಥದ್ದೇ ಫಲಿತಾಂಶ ತೋರಿಸುವ ಸಂಶೋಧನಾ ಪ್ರಬಂಧಗಳೂ ಸಿಗುತ್ತವೆ. ಇದು ನಿಜವೇ? ಯಾವ ಲೋಹ ಒಳ್ಳೆಯದು? ಪುಡಿಯನ್ನೇ ತರಿಸಿ ನಾವೇ ಬೆರೆಸಿಕೊಳ್ಳಬಹುದೇ? ಎಂಜಿನ್‌ಗೆ ತೊಂದರೆಯಾದೀತೇ?

ಉತ್ತರ: ಪುಡಿ ತರಿಸಿ ನೀವೇ ಬೆರೆಸುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ, ಕಾರಣ ಮುಂದೆ ಬರುತ್ತದೆ. ಶೇ 8ರ ಉಳಿತಾಯದ ಮಾತನ್ನೂ ನಂಬಬೇಡಿ. ಹಾಗೆಂದು ಲೋಹದ ಅಡಿಟಿವ್ (ಇಂಧನಕ್ಕೆ ಅಲ್ಪ ಪ್ರಮಾಣದಲ್ಲಿ ಬೆರೆಸುವ ಪದಾರ್ಥ) ಎಂಬುದೇ ಮೋಸ ಎಂದು ತೀರ್ಮಾನಿಸುವುದೂ ತಪ್ಪು. ಸರಿಯಾದ ಜಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಜಾಗ ಸಿಲಿಂಡರಿನೊಳಗಿನ ಜ್ವಾಲೆಯಲ್ಲ, ಹೊಗೆ ಹೊರಹೋಗುವ ದಾರಿಯಲ್ಲಿ ಕೂರಿಸುವ ಮಸಿ ಫಿಲ್ಟರ್. ನಿಮ್ಮ ಜನರೇಟರ್‌ಗಳಿಗೆ ಅಂಥ ಫಿಲ್ಟರ್ ಇದೆಯೆಂದು ನೀವು ಬರೆದಿಲ್ಲ. ಇಲ್ಲವೆಂದೇ ಭಾವಿಸಿ ಉತ್ತರಿಸುತ್ತಿದ್ದೇನೆ.

ಮೊದಲು ಬಯೋಡೀಸೆಲ್ಲಿನ ಸ್ವಭಾವವನ್ನು ನೆನಪಿಟ್ಟುಕೊಳ್ಳೋಣ. ಎಣ್ಣೆಯನ್ನು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿ, ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಉಳಿಯುವ ಮೀಥೈಲ್ ಎಸ್ಟರ್‌ಗಳೇ ಬಯೋಡೀಸೆಲ್. ಅದರ ತೂಕದಲ್ಲಿ ಸುಮಾರು ಶೇ 11ರಷ್ಟು ಆಮ್ಲಜನಕವೇ ಇರುತ್ತದೆ. ಪೆಟ್ರೋಲಿಯಂ ಡೀಸೆಲ್ಲಿನಲ್ಲಿ ಅದು ಬಹುತೇಕ ಇಲ್ಲ. ಈ ಆಮ್ಲಜನಕದ ಲಾಭವೂ ನಷ್ಟವೂ ಒಟ್ಟಿಗೇ ಬರುತ್ತವೆ. ಮಸಿ ಕಡಿಮೆಯಾಗುತ್ತದೆ, ಆದರೆ ಪ್ರತಿ ಕಿಲೊ ಇಂಧನದಿಂದ ಸಿಗುವ ಶಾಖ 43 ಮೆಗಾಜೂಲ್ ಬದಲು 37-38ಕ್ಕೆ ಇಳಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಆವರೆಗಿನ ಎಂಜಿನ್ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇ 20ರಷ್ಟು ಸೋಯಾ ಬಯೋಡೀಸೆಲ್ ಬೆರೆಸಿದ ಇಂಧನದಲ್ಲಿ ಮಸಿಕಣಗಳ ತೂಕ ಸುಮಾರು ಶೇ 10, ಕಾರ್ಬನ್ ಮಾನಾಕ್ಸೈಡ್ ಶೇ 11, ಉರಿಯದೆ ಉಳಿದ ಹೈಡ್ರೋಕಾರ್ಬನ್ ಶೇ 21ರಷ್ಟು ಕಡಿಮೆಯಾಗಿದ್ದವು. ನೈಟ್ರೋಜನ್ ಆಕ್ಸೈಡ್ ಮಾತ್ರ ಶೇ 2ರಷ್ಟು ಹೆಚ್ಚಿತ್ತು. ಅಂದರೆ ಅಡಿಟಿವ್ ಮಾರುವವರು ಭರವಸೆ ಕೊಡುವ ಕೆಲಸದ ಒಂದು ಪಾಲನ್ನು ಬಯೋಡೀಸೆಲ್ ತಾನಾಗಿಯೇ ಮಾಡಿ ಮುಗಿಸಿರುತ್ತದೆ. ಉಳಿದಿರುವ ದೂರುಗಳು ಬೇರೆ: ಶಾಖ ಕಡಿಮೆ, ಸ್ನಿಗ್ಧತೆ (ದ್ರವದ ಮಂದತನ) ಹೆಚ್ಚು, ನೈಟ್ರೋಜನ್ ಆಕ್ಸೈಡ್ ತುಸು ಹೆಚ್ಚು, ಸಂಗ್ರಹಿಸಿಟ್ಟರೆ ಕೆಡುವ ಗುಣ.

ಈಗ ಮಾರಾಟಗಾರರ ವಾದಕ್ಕೆ ಬರೋಣ. ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಬಿಟ್ಟುಕೊಟ್ಟು ಇಂಧನವನ್ನು ಪೂರ್ತಿ ಉರಿಸುತ್ತದೆ ಎಂದು ಅವರು ಹೇಳಿರಬೇಕು. ಸೀರಿಯಂಗೆ ಈ ಗುಣ ಇರುವುದು ನಿಜ. ಅದರ ಆಕ್ಸೈಡ್ ಎರಡು ರೂಪಗಳ ನಡುವೆ ಓಡಾಡುತ್ತ ಆಮ್ಲಜನಕ ಕೊಡುತ್ತದೆ, ಮತ್ತೆ ಪಡೆಯುತ್ತದೆ. ಆದರೆ ಎಷ್ಟು ಕೊಡುತ್ತದೆ ಎಂದು ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ. ಒಂದು ಕಿಲೊ ಬಯೋಡೀಸೆಲ್ಲಿಗೆ 50 ಮಿಲಿಗ್ರಾಂ ಸೀರಿಯಂ ಆಕ್ಸೈಡ್ ಹಾಕಿದರೆ, ಅದು ಒಂದು ಸಲಕ್ಕೆ ಬಿಟ್ಟುಕೊಡಬಲ್ಲ ಆಮ್ಲಜನಕ ಹೆಚ್ಚೆಂದರೆ 2.3 ಮಿಲಿಗ್ರಾಂ. ಅದೇ ಒಂದು ಕಿಲೊ ಬಯೋಡೀಸೆಲ್ಲಿನೊಳಗೆ ಮೊದಲೇ ಇರುವ ಆಮ್ಲಜನಕ ಸುಮಾರು 110 ಗ್ರಾಂ. ಅದು ಉರಿಯಲು ಕನಿಷ್ಠ 12.5 ಕಿಲೊ ಗಾಳಿ ಬೇಕು, ಅದರಲ್ಲಿ ಬರುವ ಆಮ್ಲಜನಕ 2.9 ಕಿಲೊ. ಡೀಸೆಲ್ ಎಂಜಿನ್ ಯಾವಾಗಲೂ ಇದಕ್ಕಿಂತ ಹೆಚ್ಚು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಇಷ್ಟೆಲ್ಲದರ ನಡುವೆ ಆ 2.3 ಮಿಲಿಗ್ರಾಂ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅಲ್ಯೂಮಿನಿಯಂ ಪುಡಿ ಸೇರಿಸಿದರೆ ಲೋಹವೇ ಉರಿದು ಹೆಚ್ಚು ಶಾಖ ಕೊಡುತ್ತದೆ ಎಂಬ ಇನ್ನೊಂದು ವಾದವೂ ಇದೆ. ಒಂದು ಗ್ರಾಂ ಅಲ್ಯೂಮಿನಿಯಂ ಉರಿದರೆ ಸಿಗುವುದು 31 ಕಿಲೊಜೂಲ್. 50 ಮಿಲಿಗ್ರಾಂಗೆ ಒಂದೂವರೆ ಕಿಲೊಜೂಲ್. ಒಂದು ಕಿಲೊ ಬಯೋಡೀಸೆಲ್ ಕೊಡುವುದು 37,000ಕ್ಕೂ ಹೆಚ್ಚು. ಇನ್ನು ಅನೇಕ ಪ್ರಯೋಗಗಳಲ್ಲಿ ಬಳಸುವ ಅಲ್ಯೂಮಿನಿಯಂ ಆಕ್ಸೈಡ್ ಆಗಲೇ ಉರಿದು ಮುಗಿದ ಲೋಹ. ಅದರಿಂದ ಶಾಖದ ಮಾತೇ ಇಲ್ಲ. ಒಟ್ಟಿನಲ್ಲಿ ಈ ಪ್ರಮಾಣದಲ್ಲಿ ಯಾವ ಲೋಹವೂ ಇಂಧನವಾಗಿಯೋ ಆಮ್ಲಜನಕದ ಉಗ್ರಾಣವಾಗಿಯೋ ಲೆಕ್ಕಕ್ಕೆ ಬರುವುದಿಲ್ಲ. ಪರಿಣಾಮ ಇದ್ದರೆ ಅದು ವೇಗವರ್ಧಕವಾಗಿ ಮಾತ್ರ ಇರಬೇಕು: ತಾನು ಖರ್ಚಾಗದೆ, ಒಂದೇ ಕಣ ಸಾವಿರಾರು ಬಾರಿ ರಾಸಾಯನಿಕ ಕ್ರಿಯೆಗೆ ನೆರವಾಗುವ ರೀತಿಯಲ್ಲಿ.

ಹಾಗೆ ನೆರವಾಗಲು ಅದಕ್ಕೆ ಸಮಯ ಬೇಕು. ನಿಮ್ಮ ಜನರೇಟರ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಕಾಲ ಸೆಕೆಂಡಿನ 9000ದಲ್ಲಿ ಒಂದು ಭಾಗ. ದಹನದ ಮುಖ್ಯ ಭಾಗ ಸುಮಾರು 40 ಡಿಗ್ರಿಯೊಳಗೆ ಮುಗಿಯುತ್ತದೆ, ಅಂದರೆ ನಾಲ್ಕೂವರೆ ಮಿಲಿಸೆಕೆಂಡಿಗೂ ಕಡಿಮೆ. ಜ್ವಾಲೆಯ ತಾಪಮಾನ 2000 ಡಿಗ್ರಿ ಸೆಲ್ಸಿಯಸ್ ದಾಟಿರುವ ಆ ಹೊತ್ತಿನಲ್ಲಿ ಅನಿಲಗಳು ವೇಗವರ್ಧಕಕ್ಕಾಗಿ ಕಾಯುವುದಿಲ್ಲ, ತಾವಾಗಿಯೇ ಭಗ್ಗನೆ ವರ್ತಿಸುತ್ತವೆ. ಅಲ್ಲಿ ಕೊರತೆಯಿರುವುದು ಇಂಧನವೂ ಗಾಳಿಯೂ ಚೆನ್ನಾಗಿ ಬೆರೆಯುವುದರಲ್ಲಿ. ಆ ಬೆರಕೆಯನ್ನು ನಿರ್ಧರಿಸುವುದು ನಾಜಲಿನ ರಂಧ್ರ, ಸಿಂಪಡಣೆಯ ಒತ್ತಡ, ಪಿಸ್ಟನ್ ತಲೆಯ ಆಕಾರ. ಲೋಹಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಇದಕ್ಕಿಂತ ಸರಳವಾದ ಇನ್ನೊಂದು ಮಿತಿಯಿದೆ. ನನಗೆ ಎಲ್ಲಕ್ಕಿಂತ ಬಲವಾದ ವಾದವೆಂದು ತೋರುವುದು ಇದೇ. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಸಾಕಷ್ಟು ಲೋಡಿನಲ್ಲಿ ನಡೆಯುವಾಗ ಒಳಗೆ ಬಂದ ಇಂಧನದ ಶೇ 98ಕ್ಕಿಂತ ಹೆಚ್ಚು ಪಾಲನ್ನು ಉರಿಸಿಯೇಬಿಡುತ್ತದೆ. ಕಪ್ಪು ಹೊಗೆ ಕಣ್ಣಿಗೆ ರಾಚುತ್ತದೆ ನಿಜ, ಆದರೆ ಅದರಲ್ಲಿರುವ ಇಂಗಾಲದ ತೂಕ ಬಹಳ ಅಲ್ಪ. ಅಡಿಟಿವ್ ದಹನವನ್ನು ನೂರಕ್ಕೆ ನೂರು ಪೂರ್ಣಗೊಳಿಸಿತು ಎಂದೇ ಒಪ್ಪಿಕೊಂಡರೂ ಉಳಿಯುವುದು ಶೇ ಒಂದೋ ಎರಡೋ. ಉಳಿದ ನಷ್ಟವೆಲ್ಲ ಹೊಗೆಕೊಳವೆಯಲ್ಲೂ ತಣಿಸುವ ನೀರಿನಲ್ಲೂ ಹೋಗುವ ಶಾಖ. ಅದನ್ನು ಯಾವ ಸೀಸೆಯ ದ್ರವವೂ ಮರಳಿ ತಂದುಕೊಡುವುದಿಲ್ಲ. ಶೇ 8ರ ಉಳಿತಾಯ ಎಲ್ಲಿಂದ ಬರುತ್ತದೆ ಎಂದು ಮಾರಾಟಗಾರರನ್ನೇ ಕೇಳಿ ನೋಡಿ.

ಹಾಗಾದರೆ ಪ್ರಬಂಧಗಳೆಲ್ಲ ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. ಆದರೆ ಅವುಗಳನ್ನು ಓದುವ ರೀತಿ ಬೇರೆ. 2010ರಲ್ಲಿ ಪ್ರಕಟವಾದ, ಇಂದಿಗೂ ಬಹಳ ಉಲ್ಲೇಖವಾಗುವ ಒಂದು ಪ್ರಯೋಗದಲ್ಲಿ ಜತ್ರೋಫಾ ಬಯೋಡೀಸೆಲ್ಲಿಗೆ 20ರಿಂದ 80 ಪಿಪಿಎಂ ಸೀರಿಯಂ ಆಕ್ಸೈಡ್ ಬೆರೆಸಿದ್ದರು. ಹೈಡ್ರೋಕಾರ್ಬನ್ ಶೇ 25ರಿಂದ 40ರಷ್ಟು, ನೈಟ್ರೋಜನ್ ಆಕ್ಸೈಡ್ ಗರಿಷ್ಠ ಶೇ 30ರಷ್ಟು ತಗ್ಗಿತು ಎಂದು ಅದು ಹೇಳುತ್ತದೆ. ಆದರೆ ಅದೇ ಪ್ರಯೋಗದಲ್ಲಿ ದಕ್ಷತೆಯ ಏರಿಕೆ ಹೆಚ್ಚೆಂದರೆ ಶೇ 1.5. ಜಾಹೀರಾತಿಗೆ ಬರುವುದು ಮೊದಲ ಎರಡು ಅಂಕಿಗಳು ಮಾತ್ರ.

ಇಂಥ ಪ್ರಯೋಗಗಳಲ್ಲಿ ಬಹುಪಾಲು ನಡೆಯುವುದು ಒಂದೇ ಸಿಲಿಂಡರಿನ, ಸ್ಥಿರ ವೇಗದ ಪ್ರಯೋಗಾಲಯದ ಎಂಜಿನ್ನಿನಲ್ಲಿ. ಅದರ ಇಂಜೆಕ್ಷನ್ ಸಮಯ ಪೆಟ್ರೋಲಿಯಂ ಡೀಸೆಲ್ಲಿಗೆ ಹೊಂದಿಸಿದ್ದು. ಅದಕ್ಕೆ ಹೆಚ್ಚು ಮಂದವಾದ ಬಯೋಡೀಸೆಲ್ ಹಾಕಿದಾಗ ಮೊದಲೇ ದಹನ ಹದ ತಪ್ಪಿರುತ್ತದೆ. ಆಮೇಲೆ ಏನು ಸೇರಿಸಿದರೂ ಸುಧಾರಣೆ ಕಾಣಲು ಜಾಗ ಇರುತ್ತದೆ. ಇಂಧನದ ಬಳಕೆಯನ್ನು ಅಳೆಯುವುದು ಅನೇಕ ಕಡೆ ಬ್ಯುರೆಟ್ ಮತ್ತು ಸ್ಟಾಪ್‌ವಾಚ್ ಹಿಡಿದು. 10 ಮಿಲಿಲೀಟರ್ ಇಳಿಯಲು ಎಷ್ಟು ಹೊತ್ತಾಯಿತು ಎಂದು ನೋಡುವಾಗ 0.2 ಮಿಲಿಲೀಟರ್ ಕಣ್ತಪ್ಪಿದರೆ ಅದೇ ಶೇ 2. ಅಡಿಟಿವ್ ಇಲ್ಲದ ಇಂಧನವನ್ನು ಬೆಳಿಗ್ಗೆ, ಇರುವುದನ್ನು ಮಧ್ಯಾಹ್ನ ಪರೀಕ್ಷಿಸಿದರೆ ಗಾಳಿಯ ಉಷ್ಣತೆಯೂ ತೇವಾಂಶವೂ ಬದಲಾಗಿರುತ್ತವೆ. ನೈಟ್ರೋಜನ್ ಆಕ್ಸೈಡ್ ತೇವಾಂಶಕ್ಕೆ ಬಹಳ ಸೂಕ್ಷ್ಮ. ಇನ್ನು ಕಣಗಳು ತಳಕ್ಕೆ ಇಳಿಯದಿರಲೆಂದು ಸೇರಿಸುವ ಸರ್ಫ್ಯಾಕ್ಟಂಟ್ ಕೂಡ ಸಾವಯವ ವಸ್ತುವೇ, ಕೆಲವೊಮ್ಮೆ ಅದರ ಪ್ರಮಾಣ ಲೋಹಕ್ಕಿಂತಲೂ ಹೆಚ್ಚು. ಲೋಹವಿಲ್ಲದೆ ಸರ್ಫ್ಯಾಕ್ಟಂಟ್ ಮಾತ್ರ ಬೆರೆಸಿದ ಇಂಧನವನ್ನು ಹೋಲಿಕೆಗೆ ಓಡಿಸಿದ್ದಾರೆಯೇ ಎಂದು ಹುಡುಕಿ. ಹೆಚ್ಚಿನ ಪ್ರಬಂಧಗಳಲ್ಲಿ ಆ ಸಾಲು ಇರುವುದಿಲ್ಲ. ಅದಿಲ್ಲದಿದ್ದರೆ ಉಳಿದ ಆಲೇಖಗಳನ್ನು ನೋಡುವ ಉತ್ಸಾಹ ನನಗೆ ಇಳಿದುಹೋಗುತ್ತದೆ.

ನೈಟ್ರೋಜನ್ ಆಕ್ಸೈಡಿನ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಂದು ಪ್ರಯೋಗದಲ್ಲಿ ತಗ್ಗುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಸಿದ್ಧಾಂತದ ದೃಷ್ಟಿಯಿಂದ ನನಗೆ ತಗ್ಗುವ ವಾದದ ಮೇಲೆ ಅನುಮಾನ. ಪೆಟ್ರೋಲ್ ಕಾರಿನ ಹೊಗೆ ಶುಚಿಗೊಳಿಸುವ, ಮೂರು ಕೆಲಸದ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸೀರಿಯಂ ಅದ್ಭುತವಾಗಿ ದುಡಿಯುತ್ತದೆ; ಏಕೆಂದರೆ ಅಲ್ಲಿ ಗಾಳಿ ಮತ್ತು ಇಂಧನದ ಅನುಪಾತ ಸರಿಸಮದ ಆಚೀಚೆ ತೂಗುತ್ತಿರುತ್ತದೆ, ಆಮ್ಲಜನಕ ಹೆಚ್ಚಾದಾಗ ಹಿಡಿದಿಟ್ಟು ಕಡಿಮೆಯಾದಾಗ ಬಿಡುವ ಗುಣ ಉಪಯೋಗಕ್ಕೆ ಬರುತ್ತದೆ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಯಾವಾಗಲೂ ಹೇರಳ. ಆಮ್ಲಜನಕ ಕಳೆದುಕೊಂಡ ಸೀರಿಯಂ ಕಣ ಅದನ್ನು ಸುತ್ತಲಿನ ಗಾಳಿಯಿಂದಲೇ ತುಂಬಿಕೊಳ್ಳುತ್ತದೆ. ಅಪರೂಪಕ್ಕೆ ಸಿಗುವ ನೈಟ್ರಿಕ್ ಆಕ್ಸೈಡಿನಿಂದ ಕಿತ್ತುಕೊಳ್ಳುವ ಪ್ರಮೇಯ ಅದಕ್ಕೆ ಎಲ್ಲಿದೆ?

ಇಷ್ಟು ಹೇಳಿದ ಮೇಲೆ ಲೋಹದ ಪರವಾಗಿಯೂ ಮಾತಾಡಬೇಕು. ಫಿಲ್ಟರಿನಲ್ಲಿ ಚಿತ್ರವೇ ಬೇರೆ. ಡೀಸೆಲ್ ಮಸಿ ತಾನಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಸಾಧಾರಣ ಓಡಾಟದಲ್ಲಿ ಹೊಗೆಯ ಬಿಸಿ ಅಲ್ಲಿಗೆ ಏರುವುದಿಲ್ಲ, ಹಾಗಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಧನದಲ್ಲಿ ಕರಗಿದ ಸೀರಿಯಂ ಅಥವಾ ಕಬ್ಬಿಣ ಮಸಿ ರೂಪುಗೊಳ್ಳುವಾಗಲೇ ಅದರೊಳಗೆ ಸೇರಿಕೊಂಡಿದ್ದರೆ, ಅದೇ ಮಸಿ 450 ಡಿಗ್ರಿಯ ಆಸುಪಾಸಿನಲ್ಲಿ ಉರಿಯಲು ತೊಡಗುತ್ತದೆ. ಇಲ್ಲಿ ಕೆಲಸಕ್ಕೆ ಮಿಲಿಸೆಕೆಂಡುಗಳ ಗಡುವಿಲ್ಲ, ನಿಮಿಷಗಟ್ಟಲೆ ಅವಕಾಶವಿದೆ. ಲೋಹವೂ ಮಸಿಯೂ ಒಂದನ್ನೊಂದು ಅಂಟಿಕೊಂಡೇ ಕುಳಿತಿರುತ್ತವೆ. ಪ್ಯೂಜೊ ಕಂಪನಿ 2000ನೇ ಇಸವಿಯಲ್ಲಿ 607 ಮಾದರಿಯ ಕಾರಿಗೆ ಮಸಿ ಫಿಲ್ಟರ್ ಅಳವಡಿಸಿದಾಗ ನಂಬಿದ್ದು ಇದನ್ನೇ. ಕಾರಿನೊಳಗೇ ಒಂದು ಪುಟ್ಟ ಪ್ರತ್ಯೇಕ ಟ್ಯಾಂಕ್, ಅದರಲ್ಲಿ ರೋಡಿಯಾ ಕಂಪನಿಯ ಈಯೊಲಿಸ್ ಎಂಬ ಸೀರಿಯಂ ದ್ರವ. ಪ್ರತಿ ಬಾರಿ ಇಂಧನ ತುಂಬಿಸಿದಾಗ ಅಳತೆಯಷ್ಟು ತಾನಾಗಿ ಬೆರೆಯುವ ವ್ಯವಸ್ಥೆ. ಮುಂದಿನ ಪೀಳಿಗೆಗಳಲ್ಲಿ ಸೀರಿಯಂ ಜೊತೆ ಕಬ್ಬಿಣ ಸೇರಿತು, ಕೊನೆಗೆ ಕಬ್ಬಿಣವೇ ಮುಖ್ಯವಾಯಿತು, ಪ್ರಮಾಣ ಇಳಿಯುತ್ತ ಬಂತು. ಇಳಿಸಲು ಕಾರಣ ಬೂದಿ. ಮಸಿ ಉರಿದು ಹೋಗುತ್ತದೆ, ಲೋಹ ಹೋಗುವುದಿಲ್ಲ, ಫಿಲ್ಟರಿನಲ್ಲೇ ಜಮೆಯಾಗುತ್ತದೆ. ಆ ಮೊದಲ ಕಾರುಗಳ ಫಿಲ್ಟರನ್ನು 80,000 ಕಿಲೊಮೀಟರಿಗೊಮ್ಮೆ ಬಿಚ್ಚಿ ತೊಳೆಯಬೇಕಾಗುತ್ತಿತ್ತು.

ಬಯೋಡೀಸೆಲ್ ಬಳಸುವವರಿಗೆ ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಅದರ ಮಸಿಯೇ ಹೆಚ್ಚು ಚುರುಕಾಗಿ ಉರಿಯುವ ಜಾತಿಯದು. ಫಿಲ್ಟರಿನಲ್ಲಿ ಮಸಿ ಸೇರುವ ವೇಗವೂ ಉರಿಯುವ ವೇಗವೂ ಸಮವಾಗುವ ತಾಪಮಾನವನ್ನು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು 2006ರಲ್ಲಿ ಅಳೆದರು. ಶೇ 20ರ ಮಿಶ್ರಣಕ್ಕೆ ಅದು ಸುಮಾರು 45 ಡಿಗ್ರಿ, ಶುದ್ಧ ಬಯೋಡೀಸೆಲ್ಲಿಗೆ ನೂರು ಡಿಗ್ರಿಗಿಂತಲೂ ಹೆಚ್ಚು ಇಳಿದಿತ್ತು. ಅಂದರೆ ಪೆಟ್ರೋಲಿಯಂ ಡೀಸೆಲ್ಲಿಗೆ ಲೋಹ ಬೆರೆಸಿ ಪಡೆಯುವ ಅನುಕೂಲಕ್ಕೆ ಹೋಲಿಸಬಹುದಾದದ್ದನ್ನು ಬಯೋಡೀಸೆಲ್ ಬೂದಿಯಿಲ್ಲದೆಯೇ ಕೊಡುತ್ತದೆ. ಲೋಹದ ಅಗತ್ಯ ಅತಿ ಕಡಿಮೆ ಇರುವ ಇಂಧನಕ್ಕೇ ಲೋಹ ಬೆರೆಸುವ ಪ್ರಬಂಧಗಳು ಇಷ್ಟೊಂದು ಬರುತ್ತಿರುವುದು ವಿಚಿತ್ರ.

ಯಾವ ಲೋಹ ಒಳ್ಳೆಯದು ಎಂದು ಕೇಳಿದ್ದೀರಿ. ಬೇರಿಯಂ 1960ರ ದಶಕದಲ್ಲಿ ಹೊಗೆ ತಗ್ಗಿಸಲು ಬಳಕೆಗೆ ಬಂದಿತ್ತು. ಜ್ವಾಲೆಯಲ್ಲಿ ಚುರುಕಾಗಿ ವರ್ತಿಸುವ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಹೆಚ್ಚಿಸಿ ಮಸಿ ತಿನ್ನಿಸುವುದು ಅದರ ಉಪಾಯ. ಹೊಗೆಯೇನೋ ತೆಳುವಾಗುತ್ತಿತ್ತು, ಆದರೆ ಕರಗುವ ಬೇರಿಯಂ ಸಂಯುಕ್ತಗಳು ವಿಷ. ತಾಮ್ರ ಮಸಿಯನ್ನು ಬಹಳ ಚೆನ್ನಾಗಿ ಉರಿಸುತ್ತದೆ. ಆದರೆ ಇಂಧನದಲ್ಲಿ ತುಸು ಕ್ಲೋರಿನ್ ಇದ್ದರೂ ತಾಮ್ರ ಕೂತ ಫಿಲ್ಟರಿನಲ್ಲಿ ಕಡು ವಿಷವಾದ ಡಯಾಕ್ಸಿನ್‌ಗಳು ವಿಪರೀತವಾಗಿ ಹುಟ್ಟುತ್ತವೆ ಎಂದು ಸ್ವಿಟ್ಜರ್ಲೆಂಡಿನ ಪರೀಕ್ಷೆಗಳಲ್ಲಿ ಕಂಡುಬಂದ ಮೇಲೆ ಅದನ್ನು ಕೈಬಿಡಲಾಯಿತು. ಮ್ಯಾಂಗನೀಸ್ ಧೂಳನ್ನು ದೀರ್ಘಕಾಲ ಉಸಿರಾಡಿದರೆ ನರಮಂಡಲಕ್ಕೆ ಹಾನಿ. ಐರೋಪ್ಯ ಒಕ್ಕೂಟ ಎಂಎಂಟಿ ಎಂಬ ಮ್ಯಾಂಗನೀಸ್ ಅಡಿಟಿವ್‌ನ ಮೇಲೆ 2014ರಿಂದ ಲೀಟರಿಗೆ 2 ಮಿಲಿಗ್ರಾಂ ಮ್ಯಾಂಗನೀಸ್ ಎಂಬ ಮಿತಿ ಹಾಕಿದೆ. ನಿಕ್ಕಲ್ ಸಂಯುಕ್ತಗಳು ಕ್ಯಾನ್ಸರ್‌ಕಾರಕ, ಅದರ ಚರ್ಚೆಯೇ ಬೇಡ. ಫೆರ್ರಿಕ್ ಕ್ಲೋರೈಡ್ ಬೆರೆಸಿ ಒಳ್ಳೆಯ ಅಂಕಿಅಂಶ ತೋರಿಸಿದ ಪ್ರಯೋಗಗಳಿವೆ. ಕ್ಲೋರೈಡ್ ಎಂಬ ಹೆಸರು ಓದಿದ ಮೇಲೂ ಅದನ್ನು ಎಂಜಿನ್ನಿಗೆ ಹಾಕುವ ಧೈರ್ಯ ನನಗಿಲ್ಲ. ಉಳಿಯುವುದು ಕಬ್ಬಿಣ, ಸೀರಿಯಂ ಮತ್ತು ಅತ್ಯಲ್ಪ ಪ್ರಮಾಣದ ಪ್ಲಾಟಿನಂ. ಮೂರಕ್ಕೂ ಫಿಲ್ಟರ್ ಇರಲೇಬೇಕು.

ಎಂಜಿನ್ನಿಗೆ ಆಗುವ ತೊಂದರೆಯನ್ನು ನೀವು ಕೊನೆಯಲ್ಲಿ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೊದಲ ಪ್ರಶ್ನೆಯಾಗಬೇಕಿತ್ತು. ನಿಮ್ಮ ಜನರೇಟರ್ ಗಂಟೆಗೆ 20 ಲೀಟರ್ ಕುಡಿದು ವರ್ಷಕ್ಕೆ 2000 ಗಂಟೆ ನಡೆದರೆ ಖರ್ಚಾಗುವುದು 40,000 ಲೀಟರ್, ತೂಕದಲ್ಲಿ ಸುಮಾರು 35,000 ಕಿಲೊ. 50 ಪಿಪಿಎಂ ಎಂದರೆ ವರ್ಷಕ್ಕೆ ಒಂದೂಮುಕ್ಕಾಲು ಕಿಲೊ ಸೀರಿಯಂ ಆಕ್ಸೈಡ್. 2000 ಡಿಗ್ರಿ ದಾಟಿದರೂ ಕರಗದ ಈ ಪುಡಿ ಗಾಜಿನ ಮಸೂರಗಳಿಗೆ ಪಾಲಿಶ್ ಮಾಡಲು ಬಳಸುವ ವಸ್ತು. ಅಲ್ಯೂಮಿನಿಯಂ ಆಕ್ಸೈಡ್ ಅದಕ್ಕಿಂತಲೂ ಗಟ್ಟಿ, ಉಜ್ಜುಕಾಗದದ ಮೇಲೆ ಅಂಟಿಸುವುದು ಅದನ್ನೇ. ಕೆಲವೇ ಮೈಕ್ರಾನ್ ಸಂದು ಬಿಟ್ಟು ತಯಾರಾದ ಇಂಧನ ಪಂಪಿನ ಮೂಲಕವೂ, ಕೂದಲೆಳೆ ಗಾತ್ರದ ನಾಜಲ್ ರಂಧ್ರಗಳ ಮೂಲಕವೂ ಅದು ನೂರಾರು ಬಾರ್ ಒತ್ತಡದಲ್ಲಿ ಹಾದುಹೋಗುವುದನ್ನು ಊಹಿಸಿಕೊಳ್ಳಿ. ಕೆಲವು ಗಂಟೆಗಳ ಪ್ರಯೋಗಾಲಯದ ಓಟದಲ್ಲಿ ಸವೆತ ಕಾಣುವುದಿಲ್ಲ. ಪ್ರಬಂಧಗಳಲ್ಲಿ ಅದರ ಪ್ರಸ್ತಾಪವೂ ಇರುವುದಿಲ್ಲ.

ಮಾನದಂಡಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಬಯೋಡೀಸೆಲ್ಲಿನ ಐರೋಪ್ಯ ಮಾನದಂಡ ಇಎನ್ 14214 ಮತ್ತು ಅಮೆರಿಕದ ಎಎಸ್‌ಟಿಎಂ ಡಿ 6751 ಎರಡೂ ಸೋಡಿಯಂ ಮತ್ತು ಪೊಟ್ಯಾಸಿಯಂ ಸೇರಿ ಕಿಲೊಗೆ 5 ಮಿಲಿಗ್ರಾಂ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿ 5 ಮಿಲಿಗ್ರಾಂ ದಾಟಬಾರದು ಎನ್ನುತ್ತವೆ. ತಯಾರಿಕೆಯಲ್ಲಿ ಉಳಿದ ಲೋಹವನ್ನು ಈ ಮಟ್ಟಕ್ಕೆ ತರಲು ತಯಾರಕರು ತೊಳೆದೂ ತೊಳೆದೂ ಬಸವಳಿಯುತ್ತಾರೆ. ಆಮೇಲೆ ನಾವು 50 ಮಿಲಿಗ್ರಾಂ ಲೋಹವನ್ನು ದುಡ್ಡು ಕೊಟ್ಟು ಸುರಿಯುತ್ತೇವೆ! ವಾಹನ ತಯಾರಕರು ಒಟ್ಟಾಗಿ ಹೊರತರುವ ಜಾಗತಿಕ ಇಂಧನ ಸನ್ನದು ಬೂದಿಯಾಗುವ ಲೋಹಗಳನ್ನು ಬೇಕೆಂದೇ ಸೇರಿಸಕೂಡದು ಎಂದು ಹೇಳುತ್ತದೆ. ಇದಕ್ಕಿಂತ ಬಾಯಿ ಮುಚ್ಚಿಸುವ ಸಂಗತಿ ಇನ್ನೊಂದಿದೆ. ಡೀಸೆಲ್ ಇಂಜೆಕ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಎಂದು ಪರೀಕ್ಷಿಸುವ ಯುರೋಪಿನ ಒಂದು ಪ್ರಮಾಣಿತ ವಿಧಾನದಲ್ಲಿ, ನಾಜಲ್ ಬೇಕೆಂದೇ ಕಟ್ಟಿಕೊಳ್ಳಲೆಂದು ಇಂಧನಕ್ಕೆ ಸತುವಿನ ಸಂಯುಕ್ತ ಬೆರೆಸುತ್ತಾರೆ. ಸತುವಿನ ಪ್ರಮಾಣ ಬರೀ 1 ಪಿಪಿಎಂ.

ಸಂಗ್ರಹದ ವಿಷಯವೂ ಇದೆ, ಬಯೋಡೀಸೆಲ್ಲಿಗೆ ಇದು ಇನ್ನಷ್ಟು ಮುಖ್ಯ. ಅಗಸೆ ಎಣ್ಣೆಯ ಬಣ್ಣ ಬೇಗ ಒಣಗಲೆಂದು ಬಣ್ಣ ತಯಾರಿಸುವವರು ಕೋಬಾಲ್ಟ್ ಮತ್ತು ಮ್ಯಾಂಗನೀಸ್ ಲವಣಗಳನ್ನು ಬೆರೆಸುತ್ತಾರೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುವ ಕ್ರಿಯೆಯನ್ನು ಆ ಲೋಹಗಳು ಚುರುಕುಗೊಳಿಸುತ್ತವೆ. ಬಯೋಡೀಸೆಲ್ಲಿನಲ್ಲಿರುವುದೂ ಅದೇ ಬಗೆಯ ಕೊಬ್ಬಿನ ಆಮ್ಲಗಳ ಸರಪಳಿ. ಇಂಥ ಲೋಹದ ಸಾಬೂನುಗಳನ್ನೇ (ಕೊಬ್ಬಿನ ಆಮ್ಲದ ಲೋಹಲವಣಗಳನ್ನೇ) ಅಡಿಟಿವ್ ಎಂದು ಬೆರೆಸಿದರೆ ಟ್ಯಾಂಕಿನಲ್ಲಿಯೇ ಅದೇ ಕ್ರಿಯೆ ಶುರುವಾಗುತ್ತದೆ: ಆಮ್ಲತೆ ಏರುತ್ತದೆ, ಗೋಂದು ಕಟ್ಟುತ್ತದೆ, ಇಂಧನ ಫಿಲ್ಟರ್ ಮುಚ್ಚಿಹೋಗುತ್ತದೆ. ತಾಮ್ರವಂತೂ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಂದು. ಹಾಗಾಗಿ ಬಯೋಡೀಸೆಲ್ ಸಾಗಿಸುವ ಕೊಳವೆಗಳಲ್ಲಿ ತಾಮ್ರ, ಹಿತ್ತಾಳೆ ಬೇಡವೆನ್ನುತ್ತಾರೆ. ಇಂಧನ ಉದ್ಯಮದಲ್ಲಿ ಲೋಹವನ್ನು ನಿಷ್ಕ್ರಿಯಗೊಳಿಸಲೆಂದೇ ಬೇರೊಂದು ಅಡಿಟಿವ್ ಮಾರಾಟದಲ್ಲಿದೆ ಎಂಬುದು ನಿಮಗೆ ತಿಳಿದಿರಲಿ.

ಉಸಿರಾಡುವವರ ಕಡೆಯಿಂದಲೂ ನೋಡಬೇಕು. ಹೊಗೆ ತೆಳುವಾಯಿತು ಎಂದರೆ ಗಾಳಿ ಶುಚಿಯಾಯಿತು ಎಂದರ್ಥವಲ್ಲ. ಮಸಿಗೆ ಹೋಲಿಸಿದರೆ ಲೋಹ ಹೆಚ್ಚಾದಾಗ ಅದು ಮಸಿಯ ಮೇಲೆ ಕೂರದೆ ತಾನೇ ಪ್ರತ್ಯೇಕ ಕಣಗಳಾಗಿ ಹೆಪ್ಪುಗಟ್ಟುತ್ತದೆ. ಅವು 30 ನ್ಯಾನೊಮೀಟರಿಗೂ ಚಿಕ್ಕವು. ಒಟ್ಟು ತೂಕ ಇಳಿಯುತ್ತದೆ, ಕಣಗಳ ಸಂಖ್ಯೆ ಏರುತ್ತದೆ, ಹೊಗೆಮಾಪಕಕ್ಕೆ ಇವು ಕಾಣುವುದೇ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಇಂಥ ಸಣ್ಣ ಕಣಗಳೇ. ಸೀರಿಯಂ ಬಗ್ಗೆ 2001ರಲ್ಲಿ ವರದಿ ಕೊಟ್ಟ ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್, ಅಪಾಯ ಕಡಿಮೆಯಿರುವಂತೆ ತೋರಿದರೂ ಖಚಿತವಾಗಿ ಹೇಳಲು ಮಾಹಿತಿ ಸಾಲದು ಎಂದಿತ್ತು. ಅದು ಮುಖ್ಯವಾಗಿ ಫಿಲ್ಟರ್ ಇರುವ ವಾಹನಗಳನ್ನು ಗಮನದಲ್ಲಿಟ್ಟು ಬರೆದದ್ದು. ಫಿಲ್ಟರ್ ಇದ್ದರೆ ಲೋಹದ ಶೇ 90ಕ್ಕಿಂತ ಹೆಚ್ಚು ಪಾಲು ಅದರಲ್ಲೇ ನಿಲ್ಲುತ್ತದೆ. ನಿಮ್ಮ ಕೊಳವೆಯಿಂದಾದರೋ ಆ ಒಂದೂಮುಕ್ಕಾಲು ಕಿಲೊದಲ್ಲಿ ಎಂಜಿನ್ನಿಗೆ ಅಂಟಿ ಉಳಿದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೇರ ಗಾಳಿಗೆ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಸಿಕ್ಕಿದ್ದು 1921ರಲ್ಲಿ, ರಸ್ತೆ ವಾಹನಗಳಿಗೆ ಅಂಥ ಪೆಟ್ರೋಲ್ ಮಾರುವುದನ್ನು ಕೊನೆಯ ದೇಶವಾದ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಲೋಹವನ್ನು ಇಂಧನಕ್ಕೆ ಸೇರಿಸುವುದು ಸುಲಭ, ಗಾಳಿಯಿಂದ ಹಿಂತೆಗೆಯುವುದು ಹೀಗಿರುತ್ತದೆ.

ಪುಡಿ ಬೆರೆಸಬೇಡಿ ಎಂದದ್ದಕ್ಕೆ ಕಾರಣಗಳಲ್ಲಿ ಅರ್ಧ ಆಗಲೇ ಬಂದವು. ಉಳಿದರ್ಧ ಇದು: ನ್ಯಾನೊ ಪುಡಿ ಚೀಲದಲ್ಲಿರುವಾಗಲೇ ಒಂದಕ್ಕೊಂದು ಅಂಟಿ ಮೈಕ್ರಾನ್ ಗಾತ್ರದ ಉಂಡೆಗಳಾಗಿರುತ್ತದೆ. ಅದನ್ನು ಬಿಡಿಸಲು ಪ್ರಯೋಗಾಲಯದಲ್ಲಿ ಶ್ರವಣಾತೀತ ತರಂಗಗಳ ಉಪಕರಣ ಬಳಸುತ್ತಾರೆ. ಹಾಗೆ ಬಿಡಿಸಿದರೂ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಮತ್ತೆ ತಳ ಸೇರುತ್ತದೆ. ಕೋಲಿನಿಂದ ಕಲಕಿದರೆ ಮೊದಲರ್ಧ ಟ್ಯಾಂಕಿನಲ್ಲಿ ಏನೂ ಇರುವುದಿಲ್ಲ, ತಳದ ಇಂಧನದಲ್ಲಿ ಹತ್ತು ಪಟ್ಟು ಇರುತ್ತದೆ. ಕಲಸುವವರು ಆ ಧೂಳನ್ನು ಉಸಿರಾಡುವುದು ಬೇರೆ.

ಹೊಗೆಯೇ ನಿಮ್ಮ ನಿಜವಾದ ತೊಂದರೆಯಾಗಿದ್ದರೆ ಬೇರೆ ದಾರಿಗಳಿವೆ. ಜನರೇಟರನ್ನು ಅದರ ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ದೀರ್ಘಕಾಲ ಓಡಿಸುತ್ತಿದ್ದೀರಾ? ಹಾಗಿದ್ದರೆ ಸಿಲಿಂಡರ್ ಬಿಸಿಯಾಗದೆ ಉರಿಯದ ಇಂಧನ ಕೊಳವೆಯಲ್ಲಿ ಒಸರುತ್ತದೆ. ಎರಡನ್ನು ಅರೆಬರೆ ನಡೆಸುವ ಬದಲು ಒಂದನ್ನೇ ಸರಿಯಾದ ಲೋಡಿನಲ್ಲಿ ನಡೆಸಿ. ನಾಜಲ್‌ಗಳನ್ನು ಬಿಚ್ಚಿಸಿ ಸಿಂಪಡಣೆ ಹೇಗಿದೆ ಎಂದು ನೋಡಿಸಿ, ಗಾಳಿಯ ಫಿಲ್ಟರ್ ಬದಲಿಸಿ. ಬಯೋಡೀಸೆಲ್ ಪೂರೈಸುವವರಿಂದ ಸ್ನಿಗ್ಧತೆ, ಆಮ್ಲ ಸಂಖ್ಯೆ, ಒಟ್ಟು ಗ್ಲಿಸರಿನ್, ನೀರಿನ ಅಂಶ, ಸೋಡಿಯಂ ಮತ್ತು ಪೊಟ್ಯಾಸಿಯಂ ಪ್ರಮಾಣದ ವರದಿ ಕೇಳಿ. ಬಳಸಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ಲಿನಲ್ಲಿ ತೊಳೆಯದೆ ಉಳಿದ ಸಾಬೂನೂ ಗ್ಲಿಸರಿನ್ನೂ ನಾಜಲ್ ಕೆಡಿಸುವುದರಲ್ಲಿ ಯಾವ ಲೋಹಕ್ಕೂ ಕಡಿಮೆಯಿಲ್ಲ. ಅಡಿಟಿವ್ ಹಾಕಲೇಬೇಕೆಂದರೆ ಬೂದಿ ಬಿಡದವುಗಳಿವೆ: ಕೆಡದಂತೆ ತಡೆಯುವ ಆಂಟಿಆಕ್ಸಿಡೆಂಟ್, ನಾಜಲ್ ಶುಚಿಯಾಗಿಡುವ ಡಿಟರ್ಜೆಂಟ್, ಸೀಟೇನ್ (ಇಂಧನ ಬೇಗ ಹೊತ್ತಿಕೊಳ್ಳುವ ಗುಣ) ಹೆಚ್ಚಿಸುವ ಈಥೈಲ್‌ಹೆಕ್ಸೈಲ್ ನೈಟ್ರೇಟ್. ಇವು ಪವಾಡ ಮಾಡುವುದಿಲ್ಲ. ಹೇಳಿದ ಕೆಲಸವನ್ನಷ್ಟೇ ಮಾಡುತ್ತವೆ.

ಮಾರಾಟಗಾರರು ಪಟ್ಟು ಬಿಡದಿದ್ದರೆ ವಾದ ಮಾಡಬೇಡಿ, ಅಳೆಯಿರಿ. ಜನರೇಟರ್ ಇರುವವರಿಗೆ ಒಂದು ಅನುಕೂಲವಿದೆ: ಎಷ್ಟು ಯೂನಿಟ್ ವಿದ್ಯುತ್ ಬಂತು ಎಂಬುದನ್ನು ಮೀಟರ್ ಹೇಳುತ್ತದೆ. ಚಿಕ್ಕ ಪ್ರತ್ಯೇಕ ಟ್ಯಾಂಕೊಂದನ್ನು ತಕ್ಕಡಿಯ ಮೇಲಿಟ್ಟು, ವಾಪಸ್ ಬರುವ ಇಂಧನದ ಕೊಳವೆಯನ್ನೂ ಅದಕ್ಕೇ ಜೋಡಿಸಿ. ಎಂಜಿನ್ ಬಿಸಿಯಾದ ಮೇಲೆ ಒಂದೇ ಲೋಡಿನಲ್ಲಿ, ಒಂದೇ ಡ್ರಮ್ಮಿನ ಬಯೋಡೀಸೆಲ್ಲಿನಲ್ಲಿ ಪ್ರತಿ ಯೂನಿಟ್ಟಿಗೆ ಎಷ್ಟು ಗ್ರಾಂ ಖರ್ಚಾಯಿತು ಎಂದು ಲೆಕ್ಕ ಹಾಕಿ. ಮೊದಲು ಅಡಿಟಿವ್ ಇಲ್ಲದೆ, ಆಮೇಲೆ ಹಾಕಿ, ಮತ್ತೆ ಇಲ್ಲದೆ. ಈ ಮೂರನೆಯ ಓಟವನ್ನು ಯಾರೂ ಮಾಡುವುದಿಲ್ಲ, ಆದರೆ ತೀರ್ಪು ಇರುವುದು ಅಲ್ಲೇ. ಅಡಿಟಿವ್ ಇಲ್ಲದ ಎರಡು ಓಟಗಳ ನಡುವೆಯೇ ಶೇ 2ರ ವ್ಯತ್ಯಾಸ ಬಂದರೆ, ನಡುವಿನದರಲ್ಲಿ ಕಂಡ ಶೇ 2ಕ್ಕೆ ಬೆಲೆಯಿಲ್ಲ. ಪರೀಕ್ಷೆಗೆ ಮಾರಾಟಗಾರರ ಮಾದರಿಯನ್ನೇ ಬಳಸಿ, ಅವರು ಹೇಳಿದ ಪ್ರಮಾಣದಲ್ಲೇ ಹಾಕಿ, ಅವರನ್ನೂ ಎದುರಿಗೆ ಕೂರಿಸಿಕೊಳ್ಳಿ. ಮುಗಿದ ಮೇಲೆ ಉಳಿದ ಮಿಶ್ರಣವನ್ನು ಮುಖ್ಯ ಟ್ಯಾಂಕಿಗೆ ಸುರಿಯಬೇಡಿ, ಇಂಧನ ಫಿಲ್ಟರ್ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಒಳಗೆ ಏನು ಕುಳಿತಿದೆ ಎಂದು ನೋಡಿ.